ದೋಣಿಯ ಮರಕ್ಕೆ ಬಣ್ಣ ಆಮೇಲೆ, ಮೇಲಿನ ಕೋಟ್ ಯಾವುದು ಅಂತ ಮೊದಲು ತೀರ್ಮಾನಿಸಿ

ನಾನು ಮೊದಲ ಸಲ ದೋಣಿಯ ಪೆಟ್ಟಿಗೆಯೊಂದರ ಮುಚ್ಚಳಕ್ಕೆ ಸ್ಟೇನ್, ಅಂದರೆ ಮರದ ಎಳೆ ಮುಚ್ಚದೆ ಬಣ್ಣ ಮಾತ್ರ ಕೊಡುವ ದ್ರವ, ಹಚ್ಚಿದಾಗ ಎಲ್ಲಾ ಚೆನ್ನಾಗೇ ಕಂಡಿತ್ತು. ಕೆಂಪು ಮಿಶ್ರಿತ ಕಂದು ಬಣ್ಣ, ಅದರ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ಪಾರದರ್ಶಕ ರಾಳ), ಅದರ ಮೇಲೆ ನಾಲ್ಕು ಕೋಟ್ ವಾರ್ನಿಷ್. ಬಗ್ಗಿದರೆ ಮುಖ ಕಾಣುವಷ್ಟು ಹೊಳಪು. ಮೂರನೇ ತಿಂಗಳಿಗೆ ಒಂದು ಮೂಲೆಯಲ್ಲಿ ಬೆಳ್ಳಗೆ ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದು ನೋಡಿದೆ. ಹಾವು ಪೊರೆ ಬಿಟ್ಟ ಹಾಗೆ ಅಂಗೈ ಅಗಲದ ಎಪಾಕ್ಸಿ ಎದ್ದು ಬಂತು. ಅದರ ಬೆನ್ನಿಗೆ ನನ್ನ ಸ್ಟೇನ್ ನೀಟಾಗಿ ಅಂಟಿಕೊಂಡಿತ್ತು, ಕೆಳಗಿನ ಮರ ಬೋಳು.

ತಪ್ಪು ಎಪಾಕ್ಸಿಯದಲ್ಲ, ಸ್ಟೇನ್‌ನದೂ ಅಲ್ಲ. ನಾನು ಹಚ್ಚಿದ್ದು ಎಣ್ಣೆಯ ಸ್ಟೇನ್. ಅದರಲ್ಲಿರುವ ಎಣ್ಣೆ ಮರದ ಮೇಲೆ ತೆಳುವಾದ ಪದರವಾಗಿ ಕೂತುಬಿಡುತ್ತದೆ. ಎಪಾಕ್ಸಿ ಹಿಡಿಯಬೇಕಾದದ್ದು ಮರದ ಎಳೆಯನ್ನು, ಆದರೆ ಅದು ಹಿಡಿದದ್ದು ಎಣ್ಣೆಯನ್ನು. ಆವತ್ತಿನಿಂದ ನಾನು ಯಾವ ಕೆಲಸಕ್ಕೂ ಬಣ್ಣದಿಂದ ಶುರು ಮಾಡುವುದಿಲ್ಲ. ಎಲ್ಲಕ್ಕಿಂತ ಮೇಲೆ ಏನು ಬರುತ್ತದೆ ಅಂತ ಮೊದಲು ತೀರ್ಮಾನಿಸಿ, ಅಲ್ಲಿಂದ ಕೆಳಗೆ ಇಳಿಯುತ್ತೇನೆ.

ಮೇಲೆ ಏನು?

ಪ್ಲೈವುಡ್ ದೋಣಿ, ಅಥವಾ ತೆಳ್ಳನೆ ಪಟ್ಟಿಗಳನ್ನು ಅಂಟಿಸಿ ಕಟ್ಟಿದ ದೋಣಿ ಆದರೆ ಎಪಾಕ್ಸಿಯೇ ಸರಿ. ಹೊರಮೈಗೆ ಗಾಜಿನ ನಾರಿನಿಂದ ನೇಯ್ದ ಗ್ಲಾಸ್ ಬಟ್ಟೆಯೂ ಬೇಕು, ಅದು ಎಪಾಕ್ಸಿ ಕುಡಿದ ಮೇಲೆ ಕಾಣುವುದೇ ಇಲ್ಲ, ಹಾಗಾಗಿ ಮರದ ಅಂದಕ್ಕೆ ಮೋಸವಿಲ್ಲ. ಇದರ ಅಡಿಗೆ ನೀರಿನಲ್ಲಿ ಅಥವಾ ಸ್ಪಿರಿಟ್‌ನಲ್ಲಿ ಕರಗುವ ಬಣ್ಣ, ಅಂದರೆ ಡೈ, ಮಾತ್ರ ಹಚ್ಚಿ. ಹುಟ್ಟು, ಚುಕ್ಕಾಣಿಯ ಹಿಡಿ, ಅಂಚಿನ ಪಟ್ಟಿ, ಕೂರುವ ಹಲಗೆ, ಇಂಥವಕ್ಕೆ ಬರೀ ವಾರ್ನಿಷ್ ಸಾಕು. ವಾರ್ನಿಷ್ ಅಡಿಗೆ ಎಣ್ಣೆಯ ಸ್ಟೇನ್ ಪರವಾಗಿಲ್ಲ, ಎರಡೂ ಒಂದೇ ಮನೆತನದವು, ಆದರೆ ಪೂರ್ತಿ ಒಣಗಬೇಕು. ಡಬ್ಬದ ಮೇಲೆ ಬರೆದ ಗಂಟೆಗಿಂತ ಒಂದು ದಿನ ಜಾಸ್ತಿ ಕಾಯಿರಿ.

ಮೂರನೆಯದು ಎಣ್ಣೆ. ಹಚ್ಚುವುದು ಸುಲಭ, ಎದ್ದು ಬರುವ ಭಯವಿಲ್ಲ, ಆದರೆ ಮತ್ತೆ ಮತ್ತೆ ಹಚ್ಚುತ್ತಲೇ ಇರಬೇಕು. ಅಗಸೆ ಎಣ್ಣೆಯೊಂದನ್ನೇ ಹಚ್ಚಿ ತೇವದಲ್ಲಿ ಬಿಟ್ಟರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಒಳಗೆ ನೀರು ನಿಲ್ಲುವ ತಳಭಾಗಕ್ಕೆ ಮಾತ್ರ ಇದ್ಯಾವುದೂ ಬೇಡ, ಪೇಂಟ್ ಹೊಡೆಯಿರಿ. ಅಲ್ಲಿ ಯಾರೂ ಮರದ ಎಳೆ ನೋಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹಲಗೆಗೆ ಹಲಗೆ ಜೋಡಿಸಿ, ಸಂದಿಗೆ ನಾರು ತುಂಬಿ ಕಟ್ಟಿದ ಹಳೆ ಕಾಲದ ದೋಣಿಯ ಹೊರಮೈಗೆ ಎಪಾಕ್ಸಿ ಬಳಿಯಬೇಡಿ. ಆ ಹಲಗೆಗಳು ನೀರು ಕುಡಿದು ಉಬ್ಬಿದಾಗಲೇ ಸಂದು ಮುಚ್ಚುವುದು. ಅವು ಉಬ್ಬುತ್ತವೆ, ಕುಗ್ಗುತ್ತವೆ, ಎಪಾಕ್ಸಿ ಆ ಎಳೆದಾಟಕ್ಕೆ ಬಿರುಕು ಬಿಡುತ್ತದೆ. ಆಮೇಲೆ ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಕೂತು ಮರವನ್ನು ಕೊಳೆಸುತ್ತದೆ.

ಸ್ಟೇನ್ ನಿಜವಾಗಿ ಬೇಕಾ?

ಬಹಳ ಸಲ ಬೇಡ. ಮರವನ್ನು ಉಜ್ಜಿ ನಯ ಮಾಡಿದ ಮೇಲೆ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿ ನೋಡಿ. ಒದ್ದೆಯಲ್ಲಿ ಕಾಣುವ ಬಣ್ಣವೇ ಹೆಚ್ಚುಕಡಿಮೆ ವಾರ್ನಿಷ್ ಕೆಳಗೆ ಕಾಣುವ ಬಣ್ಣ. ವಾರ್ನಿಷ್ ತಾನೇ ಸ್ವಲ್ಪ ಜೇನಿನ ಬಣ್ಣ ಕೊಡುತ್ತದೆ ಬೇರೆ. ಅದು ನಿಮಗೆ ಹಿಡಿಸಿದರೆ ಸ್ಟೇನ್ ಡಬ್ಬ ಮುಚ್ಚಿ ಇಟ್ಟುಬಿಡಿ.

ಯಾಕೆ ಹೇಳುತ್ತೇನೆಂದರೆ, ದೋಣಿ ಅಂದಮೇಲೆ ತರಚುತ್ತದೆ. ದಡಕ್ಕೆ ಉಜ್ಜುತ್ತದೆ, ಹಗ್ಗ ಎಳೆಯುತ್ತದೆ, ಯಾರೋ ಹುಟ್ಟನ್ನು ಕಲ್ಲಿನ ಮೇಲೆ ಬೀಳಿಸುತ್ತಾರೆ. ಬಣ್ಣ ಹಚ್ಚದ ಮರದ ಮೇಲೆ ಆ ಗೀರಿಗೆ ಒಂದಿಷ್ಟು ವಾರ್ನಿಷ್ ಮುಟ್ಟಿಸಿದರೆ ಮುಗಿಯಿತು. ಸ್ಟೇನ್ ಹಚ್ಚಿದ ಮರದ ಮೇಲೆ ಅದೇ ಗೀರು ಬಿಳಿ ಗೆರೆಯಾಗಿ ದೂರದಿಂದಲೇ ಕಾಣುತ್ತದೆ, ಮತ್ತೆ ಅದೇ ಬಣ್ಣ ಕೂಡಿಸುವುದು ತಲೆನೋವು.

ಸ್ಟೇನ್ ಬೇಕೇ ಬೇಕು ಅನ್ನುವ ಸಂದರ್ಭಗಳೂ ಇವೆ. ಹಳೆ ಹಲಗೆಯ ಪಕ್ಕ ಹೊಸ ತುಂಡು ಕೂರಿಸಿದಾಗ. ಒಂದೇ ಹಲಗೆಯಲ್ಲಿ ಒಳಗಿನ ಕೆಚ್ಚು ಕಪ್ಪಗೆ, ಹೊರಗಿನ ಬಿಳಿಮರ ಬೆಳ್ಳಗೆ ಇದ್ದಾಗ. ಅಥವಾ ಪ್ಲೈವುಡ್ಡಿನ ಬಣ್ಣ ಪೇಲವವಾಗಿದ್ದು, ಅದಕ್ಕೆ ಹೊಡೆದ ಅಂಚಿನ ಪಟ್ಟಿ ಗಾಢವಾಗಿದ್ದು, ಎರಡೂ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವ ಹಾಗೆ ಕಂಡಾಗ.

ಡೈ ಬಿಸಿಲಿಗೆ ಬೇಗ ಮಾಸುತ್ತದೆ ಅನ್ನುವುದು ಗೊತ್ತಿರಲಿ. ಬಣ್ಣದ ಪುಡಿ ತೇಲುವ ಪಿಗ್ಮೆಂಟ್ ಸ್ಟೇನ್ ಬಿಸಿಲನ್ನು ಜಾಸ್ತಿ ತಡೆಯುತ್ತದೆ, ಆದರೆ ಎಳೆಯನ್ನು ಸ್ವಲ್ಪ ಮಂಕು ಮಾಡುತ್ತದೆ. ದಿನವಿಡೀ ಬಿಸಿಲಲ್ಲಿ ಬಿದ್ದಿರುವ ಮೇಲ್ಮೈಗೆ ಡೈ ಹಚ್ಚುವುದಾದರೆ ಬಿಸಿಲು ತಡೆಯುವ ವಾರ್ನಿಷ್ ದಪ್ಪವಾಗಿ ಇರಲೇಬೇಕು.

ಉಜ್ಜುವುದು

ಬೇಸರದ ಕೆಲಸ, ಆದರೆ ಸ್ಟೇನ್ ಇಲ್ಲಿನ ಪ್ರತಿ ಮೈಗಳ್ಳತನವನ್ನೂ ಬಯಲು ಮಾಡುತ್ತದೆ. 80ರ ಉಪ್ಪುಕಾಗದದಿಂದ (ನಂಬರ್ ಏರಿದಷ್ಟೂ ಕಾಗದ ನಯ) ಶುರು ಮಾಡಿ, 120, ಆಮೇಲೆ 150 ಅಥವಾ 180. ಮೇಲೆ ಎಪಾಕ್ಸಿ ಬರುವುದಾದರೆ ಅಷ್ಟಕ್ಕೇ ನಿಲ್ಲಿಸಿ, ಹಿಡಿತಕ್ಕೆ ಸ್ವಲ್ಪ ಒರಟು ಇರಬೇಕು. ಬರೀ ವಾರ್ನಿಷ್ ಆದರೆ 220ರ ತನಕ ಹೋಗಬಹುದು. ಒಂದು ನಂಬರನ್ನು ಹಾರಿಸಿ ಮುಂದಿನದಕ್ಕೆ ಹೋದರೆ 80ರ ಗೀರುಗಳು ಹಾಗೇ ಉಳಿದು, ಸ್ಟೇನ್ ಬಿದ್ದ ತಕ್ಷಣ ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. ಕೊನೆಯ ಸುತ್ತು ಯಂತ್ರ ಬಿಟ್ಟು ಕೈಯಲ್ಲೇ, ಎಳೆಯ ಉದ್ದಕ್ಕೇ ಉಜ್ಜಿ. ಪ್ಲೈವುಡ್ಡಿನ ಮೇಲ್ಪದರ ತುಂಬಾ ತೆಳು, ಅಲ್ಲಿ ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ಕೆಳಗಿನ ಪದರ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ.

ಚೂಪಾದ ಅಂಚುಗಳನ್ನು ಹಾಗೇ ಬಿಡಬೇಡಿ. ಕನಿಷ್ಠ 3 ಮಿ.ಮೀ. ದುಂಡಗೆ ಮಾಡಿ. ಯಾವ ಲೇಪವಾದರೂ ಚೂಪು ಅಂಚಿನಿಂದ ಜಾರಿ ಅಲ್ಲಿ ತೆಳುವಾಗುತ್ತದೆ, ಒಡೆಯುವುದೂ ಅಲ್ಲಿಂದಲೇ.

ಸ್ಟೀಲ್ ವೂಲ್, ಅಂದರೆ ಉಜ್ಜಲು ಬಳಸುವ ಉಕ್ಕಿನ ಎಳೆಗಳ ಉಂಡೆ, ಮಾತ್ರ ದೋಣಿಯ ಹತ್ತಿರ ತರಬೇಡಿ. ಅದರ ಕೂದಲೆಳೆಯಂಥ ಚೂರುಗಳು ಮರದ ರಂಧ್ರದಲ್ಲಿ ಉಳಿದು ತುಕ್ಕು ಹಿಡಿಯುತ್ತವೆ. ಓಕ್‌ನಂಥ, ಒಗರು ಜಾಸ್ತಿ ಇರುವ ಮರದಲ್ಲಂತೂ ಕಬ್ಬಿಣ ಸೋಕಿದಲ್ಲೆಲ್ಲಾ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ.

ಇನ್ನು ಅಂಟಿನ ಕಲೆ. ಇದು ಸ್ಟೇನ್ ಹಚ್ಚುವ ತನಕ ಕಣ್ಣಿಗೆ ಬೀಳುವುದಿಲ್ಲ. ಒಂದು ಸಲ ನಾನು ಇಡೀ ಹಲಗೆಗೆ ಬಣ್ಣ ಹಚ್ಚಿ ಹಿಂದೆ ಸರಿದು ನೋಡಿದರೆ ನಟ್ಟನಡುವೆ ನನ್ನದೇ ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ, ಬೆಳ್ಳಗೆ. ಅಂಟು ಮೆತ್ತಿದ ಬೆರಳನ್ನು ಯಾವಾಗಲೋ ಅಲ್ಲಿ ಊರಿದ್ದೆ. ಅಂಟು ಹೀರಿದ ಮರ ಬಣ್ಣ ಕುಡಿಯುವುದಿಲ್ಲ. ಹಾಗಾಗಿ ಜೋಡಿಸುವ ಮುಂಚೆಯೇ ಸಂದಿಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಉಜ್ಜಿ ಮುಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿ, ಕತ್ತಲು ಮಾಡಿಕೊಂಡು, ಟಾರ್ಚನ್ನು ಹಲಗೆಗೆ ಸಮವಾಗಿ ಮಲಗಿಸಿ ಹಿಡಿದು ನೋಡಿ. ಅಂಟು ಇದ್ದಲ್ಲಿ ಒದ್ದೆಯಾಗದೆ ಮಾಸಲಾಗಿ ಉಳಿಯುತ್ತದೆ, ಗೀರು ಇದ್ದಲ್ಲಿ ನೆರಳು ಬೀಳುತ್ತದೆ.

ಮರ ಒಣಗಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ, ಆದರೂ ಒಂದು ಲೆಕ್ಕ: ತೇವಾಂಶ ಅಳೆಯುವ ಮೀಟರ್ ಇದ್ದರೆ ಶೇ. 12ರ ಒಳಗೆ ಇರಲಿ. ಒದ್ದೆ ಮರವನ್ನು ಮುಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ.

ಬಣ್ಣ ಹಚ್ಚುವುದು

ನೀರಿನ ಡೈ ಆದರೆ ಮೊದಲು ಬರೀ ನೀರಿನಿಂದ ಮರವನ್ನು ಒದ್ದೆ ಮಾಡಿ ಒಣಗಲು ಬಿಡಿ. ಎಳೆಗಳು ನಿಮಿರಿ ಗಡ್ಡ ಬೆಳೆದ ಕೆನ್ನೆಯ ಹಾಗೆ ಒರಟಾಗುತ್ತವೆ. ಅವನ್ನು ಬಳಸಿ ಸವೆದ 220ರ ಕಾಗದದಿಂದ ಹಗುರವಾಗಿ ಸವರಿ ತೆಗೆಯಿರಿ. ಈ ಕೆಲಸ ಈಗ ಮಾಡದಿದ್ದರೆ ಬಣ್ಣ ಹಚ್ಚಿದ ಮೇಲೆ ನಿಮಿರುತ್ತವೆ, ಆಗ ಉಜ್ಜಿದರೆ ಬಣ್ಣವೂ ಹೋಗುತ್ತದೆ.

ಬೇಕಾದ ಬಣ್ಣವನ್ನು ಒಂದೇ ಸಲ, ಇಡೀ ಕೆಲಸಕ್ಕೆ ಸಾಲುವಷ್ಟು ಕಲಸಿಕೊಳ್ಳಿ. ನಡುವೆ ಮುಗಿದು ಮತ್ತೆ ಕಲಸಿದರೆ ಅದೇ ಬಣ್ಣ ಬರುವುದಿಲ್ಲ. ತೆಳ್ಳಗೆ ಕಲಸಿ ಎರಡು ಸಲ ಹಚ್ಚುವುದು ಮೇಲು. ಬಣ್ಣ ಏರಿಸುವುದು ಸುಲಭ, ಇಳಿಸುವುದು ಕಷ್ಟ. ಸ್ಪಂಜಿನಲ್ಲಿ ಧಾರಾಳವಾಗಿ ಅದ್ದಿ, ಹಲಗೆಯ ಒಂದು ಕೊನೆಯಿಂದ ಇನ್ನೊಂದು ಕೊನೆಯ ತನಕ ನಿಲ್ಲಿಸದೆ ಹಚ್ಚಿ, ಹಸಿ ಇರುವಾಗಲೇ ಒಣ ಬಟ್ಟೆಯಿಂದ ಎಳೆಯ ಉದ್ದಕ್ಕೆ ಒರೆಸಿ. ಅರ್ಧದಲ್ಲಿ ಫೋನ್ ಬಂದರೆ ಎತ್ತಬೇಡಿ. ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಬಿದ್ದರೆ ಎರಡು ಪಟ್ಟು ಗಾಢವಾದ ಪಟ್ಟಿ ಉಳಿಯುತ್ತದೆ.

ಹಲಗೆಯ ಕೊಯ್ದ ತುದಿ ಹುಲ್ಲುಕೊಳವೆಗಳ ಕಟ್ಟಿನಂತೆ. ಬಣ್ಣ ಸೋಕಿದರೆ ಸಾಕು, ಹೀರಿ ಕಪ್ಪಾಗುತ್ತದೆ. ಅಲ್ಲಿಗೆ ಮೊದಲು ನೀರು ಕುಡಿಸಿ, ಆಮೇಲೆ ತೆಳ್ಳನೆ ಬಣ್ಣ ಮುಟ್ಟಿಸಿ. ಪೈನ್‌ನಂಥ ಮೆದು ಮರ ಅಲ್ಲಲ್ಲಿ ಮೋಡ ಮೋಡವಾಗಿ ಹೀರುತ್ತದೆ. ವಾರ್ನಿಷ್ ಅಡಿಗಾದರೆ ಅದಕ್ಕೆ ಜೆಲ್ ಸ್ಟೇನ್ ಒಳ್ಳೆಯದು, ಅದು ಆಳಕ್ಕೆ ಇಳಿಯದೆ ಮೇಲೆಯೇ ಕೂರುತ್ತದೆ.

ಡೈ ಒಣಗಿದ ಮೇಲೆ ನೋಡಿ ಎದೆ ಒಡೆದುಕೊಳ್ಳಬೇಡಿ. ಬೂದಿ ಬಳಿದ ಹಾಗೆ ಮಂಕಾಗಿ ಕಾಣುತ್ತದೆ. ಮೇಲಿನ ಮೊದಲ ಕೋಟ್ ಬಿದ್ದ ಕ್ಷಣ ಜೀವ ಬರುತ್ತದೆ. ಮುಂದಿನ ಕೋಟಿಗೆ ಮುಂಚೆ ಒಂದು ಪೂರ್ತಿ ದಿನ ಒಣಗಲಿ.

ಎಣ್ಣೆಯ ಸ್ಟೇನ್ ಅಥವಾ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಇದು ಸುಮ್ನೆ ಹೆದರಿಸುವ ಮಾತಲ್ಲ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ಜಾಗವಿಲ್ಲದೆ ಏರುತ್ತಾ ಹೋಗಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುತ್ತದೆ, ಅದೂ ನೀವು ಕೆಲಸ ಮುಗಿಸಿ ಹೋಗಿ ಎಷ್ಟೋ ಗಂಟೆಗಳಾದ ಮೇಲೆ. ಬಟ್ಟೆಯನ್ನು ಬಿಡಿಸಿ ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲಾ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ನೀರು ಒಳಗೆ ಹೋಗುವುದು ಎಲ್ಲಿಂದ

ನಾವೆಲ್ಲಾ ಕಣ್ಣಿಗೆ ಕಾಣುವ ಅಗಲ ಮುಖಕ್ಕೆ ಎಂಟು ಕೋಟ್ ಹೊಡೆದು ಬೀಗುತ್ತೇವೆ. ನೀರು ಅಲ್ಲಿಂದ ಹೋಗುವುದು ಕಡಿಮೆ. ಅದು ಹೋಗುವುದು ಹಲಗೆಯ ಕೊಯ್ದ ತುದಿಯಿಂದ, ಪ್ಲೈವುಡ್ಡಿನ ಅಂಚಿನಿಂದ, ಸ್ಕ್ರೂ ರಂಧ್ರದಿಂದ. ವಾರ್ನಿಷ್ ಹೊಳೆಯುತ್ತಿರುತ್ತದೆ, ಸ್ಕ್ರೂ ತಲೆಯ ಸುತ್ತ ಮಾತ್ರ ಒಂದು ಬೂದು ಉಂಗುರ. ಅದು ಕಂಡರೆ ಒಳಗೆ ನೀರು ಮನೆ ಮಾಡಿದೆ ಅಂತಲೇ ಅರ್ಥ. ಉಪ್ಪುನೀರಿಗಿಂತ ಮಳೆನೀರೇ ಮರವನ್ನು ಬೇಗ ಕೊಳೆಸುತ್ತದೆ. ಕೊಳೆಸುವ ಶಿಲೀಂಧ್ರಕ್ಕೆ ಸಿಹಿನೀರೇ ಇಷ್ಟ. ಹಾಗಾಗಿ ಮೇಲಿಂದ ಬೀಳುವ ನೀರು ಎಲ್ಲಿ ನಿಲ್ಲುತ್ತದೆ ಅಂತ ಮೊದಲು ನೋಡಿಕೊಳ್ಳಿ.

ತುದಿಗಳಿಗೆ ಎಪಾಕ್ಸಿಯನ್ನು ಬ್ರಷ್‌ನಲ್ಲಿ ಹಚ್ಚಿ ಐದು ನಿಮಿಷ ಬಿಟ್ಟು ಬಂದು ನೋಡಿ. ಹೊಳಪು ಹೋಗಿ ಒಣಗಿದ ಹಾಗೆ ಕಂಡರೆ ಮರ ಕುಡಿದಿದೆ. ಹಸಿಯ ಮೇಲೇ ಮತ್ತೆ ಹಚ್ಚಿ. ಕುಡಿಯುವುದು ನಿಲ್ಲುವ ತನಕ, ಅಂದರೆ ಹೊಳಪು ಹಾಗೇ ನಿಲ್ಲುವ ತನಕ ಕೊಡುತ್ತಾ ಹೋಗಿ.

ಸ್ಕ್ರೂ ರಂಧ್ರಕ್ಕೆ ಒಂದು ಉಪಾಯವಿದೆ, ಸ್ವಲ್ಪ ಸಮಯ ಹಿಡಿಯುತ್ತದೆ ಆದರೆ ಒಂದೇ ಸಲ. ಬೇಕಾದ್ದಕ್ಕಿಂತ ದೊಡ್ಡ ರಂಧ್ರ ಕೊರೆಯಿರಿ. ಆಚೆ ಬದಿಗೆ ದಾಟುವ ರಂಧ್ರವಾದರೆ ಅಡಿಯಲ್ಲಿ ಟೇಪ್ ಅಂಟಿಸಿ. ಮೊದಲು ಬರೀ ಎಪಾಕ್ಸಿ ಬಿಟ್ಟು ಗೋಡೆ ಕುಡಿಯಲು ಬಿಡಿ, ಆಮೇಲೆ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಮರುದಿನ ಅದರ ನಡುವೆ ಸರಿಯಾದ ಅಳತೆಯ ರಂಧ್ರ ಕೊರೆಯಿರಿ. ಈಗ ಸ್ಕ್ರೂ ಎಪಾಕ್ಸಿಯ ಕೊಳವೆಯಲ್ಲಿ ಕೂರುತ್ತದೆ, ಮರವನ್ನು ಮುಟ್ಟುವುದೇ ಇಲ್ಲ. ನೀರು ಜಿನುಗಿದರೂ ಅಲ್ಲೇ ನಿಲ್ಲುತ್ತದೆ.

ಎಪಾಕ್ಸಿ

ಕೈಗವಸು ಹಾಕಿಕೊಳ್ಳಿ, ಪ್ರತಿ ಸಲ. ಹಸಿ ಎಪಾಕ್ಸಿ ಚರ್ಮಕ್ಕೆ ತಾಗುತ್ತಲೇ ಇದ್ದರೆ ಒಂದು ದಿನ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗಬಹುದು, ಬಂದ ಮೇಲೆ ಹೋಗುವುದಿಲ್ಲ. ಕೈಗೆ ಮೆತ್ತಿದರೆ ಥಿನ್ನರ್ ಹಾಕಿ ತೊಳೆಯಬೇಡಿ, ಅದು ಎಪಾಕ್ಸಿಯನ್ನು ಚರ್ಮದೊಳಕ್ಕೆ ಇಳಿಸುತ್ತದೆ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯನ್ನು ಉಜ್ಜುವಾಗ ಏಳುವ ಧೂಳೂ ಅಷ್ಟೇ ಕೆಟ್ಟದ್ದು, ಮಾಸ್ಕ್ ಬೇಕು.

ರಾಳ ಮತ್ತು ಹಾರ್ಡನರ್ (ರಾಳವನ್ನು ಗಟ್ಟಿ ಮಾಡುವ ದ್ರವ) ಅಳತೆ ತಯಾರಕರು ಹೇಳಿದ್ದೇ: ಕೆಲವು 2ಕ್ಕೆ 1, ಕೆಲವು 3ಕ್ಕೆ 1, ಕೆಲವು 5ಕ್ಕೆ 1. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಒಂದು ಚಮಚ ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಎಂದೂ ಸರಿಯಾಗಿ ಆಗುವುದೇ ಇಲ್ಲ. ಬೇಗ ಬೇಕಾದರೆ ಬೇಗ ಗಟ್ಟಿಯಾಗುವ ಹಾರ್ಡನರ್ ತನ್ನಿ. ಎರಡು ನಿಮಿಷ ಕಲಸಿ, ಲೋಟದ ಗೋಡೆ ಮತ್ತು ತಳವನ್ನು ಕೆರೆಯುತ್ತಾ. ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದ್ದು ಹೊಗೆ ಬರುತ್ತದೆ.

ಹಚ್ಚಲು ಸರಿಯಾದ ಹೊತ್ತು ಬಿಸಿಲು ಇಳಿಯುವ ಸಂಜೆ. ಬೆಳಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ನುಗ್ಗುತ್ತದೆ, ಎಪಾಕ್ಸಿ ತುಂಬಾ ಸೂಜಿಮೊನೆಯಷ್ಟು ಗುಳ್ಳೆ. ಸಂಜೆ ಮರ ತಣ್ಣಗಾಗುತ್ತಾ ಒಳಗೆ ಎಳೆದುಕೊಳ್ಳುತ್ತದೆ. ಇಬ್ಬನಿ ಬೀಳುವ ಕಡೆಯಾದರೆ ಸೂರಿನಡಿ ಮಾಡಿ.

ಡೈ ಹಚ್ಚಿದ ಮರದ ಮೇಲೆ ಮೊದಲ ಕೋಟನ್ನು ತಿಕ್ಕಬೇಡಿ, ರೋಲರ್‌ನಿಂದ ಮೆಲ್ಲಗೆ ಹಾಸಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ. ಮುಖ್ಯವಾದದ್ದು, ಮೊದಲ ಕೋಟನ್ನು ಉಜ್ಜಬೇಡಿ. ಅದು ತೆಳು. ಕಾಗದ ಅದನ್ನು ದಾಟಿ ಡೈಗೆ ತಲುಪಿದ ಕ್ಷಣ ಬಿಳಿ ಮಚ್ಚೆ ಬೀಳುತ್ತದೆ. ಮೊದಲನೆಯದು ಇನ್ನೂ ಸ್ವಲ್ಪ ಜಿಗುಟು ಇರುವಾಗಲೇ ಎರಡನೆಯದು, ಹಾಗೇ ಮೂರನೆಯದು. ಆಮೇಲೆ ಉಜ್ಜಿ.

ಗಟ್ಟಿಯಾದ ಎಪಾಕ್ಸಿ ಮೇಲೆ ಒಮ್ಮೊಮ್ಮೆ ಮೇಣದಂಥ ಜಿಡ್ಡು ಕೂರುತ್ತದೆ. ಉಜ್ಜುವ ಮೊದಲು ಅದನ್ನು ನೀರು ಮತ್ತು ಪಾತ್ರೆ ತಿಕ್ಕುವ ನಾರಿನ ಪ್ಯಾಡ್‌ನಿಂದ ತೊಳೆಯಿರಿ. ನೀರಿಗೇ ಕರಗುತ್ತದೆ, ಥಿನ್ನರ್‌ನಿಂದ ಒರೆಸಿದರೆ ಬರೀ ಹರಡುತ್ತದೆ. ತೊಳೆಯದೆ ಉಜ್ಜಿದರೆ ಜಿಡ್ಡನ್ನು ಗೀರಿನೊಳಗೆ ತುಂಬಿದ ಹಾಗೆ.

ಥಿನ್ನರ್ ಬೆರೆಸಿ ಎಪಾಕ್ಸಿಯನ್ನು ತೆಳು ಮಾಡಿದರೆ ಆಳಕ್ಕೆ ಇಳಿಯುತ್ತದೆ, ನಿಜ. ಆದರೆ ಥಿನ್ನರ್ ಹಾರಿಹೋಗುವಾಗ ಸಣ್ಣ ಸಣ್ಣ ದಾರಿ ಬಿಟ್ಟು ಹೋಗುತ್ತದೆ, ನೀರು ತಡೆಯುವ ಗುಣ ಕಡಿಮೆಯಾಗುತ್ತದೆ. ನಾನಂತೂ ತೆಳು ಮಾಡುವುದಿಲ್ಲ.

ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ. ವಾರ್ನಿಷ್ ಇಲ್ಲದೆ ಬಿಟ್ಟರೆ ಹಳದಿಯಾಗಿ, ಸುಣ್ಣದ ಹಾಗೆ ಪುಡಿಯೆದ್ದು, ಕೊನೆಗೆ ಮರ ಬಿಟ್ಟು ಏಳುತ್ತದೆ. ವಾರ್ನಿಷ್ ಹಚ್ಚುವ ಮೊದಲು ಎಪಾಕ್ಸಿ ಒಂದೆರಡು ವಾರ ಪೂರ್ತಿ ಗಟ್ಟಿಯಾಗಲಿ. ಹಸಿ ಎಪಾಕ್ಸಿ ಮೇಲೆ ಕೆಲವು ವಾರ್ನಿಷ್ ಒಣಗುವುದೇ ಇಲ್ಲ, ದಿನಗಟ್ಟಲೆ ಬೆಲ್ಲದ ಪಾಕದ ಹಾಗೆ ಅಂಟುತ್ತಿರುತ್ತದೆ.

ವಾರ್ನಿಷ್

ಮನೆಯೊಳಗಿನ ಪೀಠೋಪಕರಣದ ವಾರ್ನಿಷ್ ಬೇಡ. ಅದು ಗಡಸು, ಮರ ಹಿಗ್ಗಿ ಕುಗ್ಗಿದರೆ ಬಿರಿಯುತ್ತದೆ. ಸ್ಪಾರ್ ವಾರ್ನಿಷ್ ಅಂತ ಸಿಗುವುದರಲ್ಲಿ ಎಣ್ಣೆಯ ಪಾಲು ಜಾಸ್ತಿ, ಬಾಗುತ್ತದೆ, ಬಿಸಿಲು ತಡೆಯುವ ಅಂಶವೂ ಇರುತ್ತದೆ.

ಬರಿ ಮರದ ಮೇಲಾದರೆ ಮೊದಲ ಕೋಟಿಗೆ ಅರ್ಧಕ್ಕರ್ಧ ಥಿನ್ನರ್, ಎರಡನೆಯದಕ್ಕೆ ಕಾಲು ಭಾಗ, ಮೂರನೆಯದಕ್ಕೆ ಹತ್ತನೇ ಒಂದು, ಆಮೇಲೆ ಥಿನ್ನರ್ ಇಲ್ಲದೆ ಹಾಗೇ. ಎಪಾಕ್ಸಿ ಮೇಲಾದರೆ ಈ ಲೆಕ್ಕ ಬೇಡ, ಅಲ್ಲಿ ಕುಡಿಯುವ ಮರವೇ ಇಲ್ಲವಲ್ಲ. ತೇಗದಂಥ ಎಣ್ಣೆಯ ಮರವನ್ನು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸಿ. ಒಟ್ಟು ಎಷ್ಟು ಕೋಟ್? ಬರಿ ಮರಕ್ಕೆ ಆರರಿಂದ ಎಂಟು. ಎಪಾಕ್ಸಿ ಮೇಲೆ ಮೂರು ನಾಲ್ಕು.

ಡಬ್ಬವನ್ನು ಅಲುಗಾಡಿಸಬೇಡಿ, ಗಾಳಿ ಗುಳ್ಳೆ ತುಂಬಿಕೊಳ್ಳುತ್ತದೆ. ಬೇಕಾದಷ್ಟನ್ನು ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ, ಉಳಿದದ್ದನ್ನು ಮತ್ತೆ ಡಬ್ಬಕ್ಕೆ ಸುರಿಯಬೇಡಿ. ನೇರ ಬಿಸಿಲಲ್ಲಿ ಬೇಡ, ಮಧ್ಯಾಹ್ನ ಕಳೆದ ಮೇಲೂ ಬೇಡ. ಹಸಿ ವಾರ್ನಿಷ್ ಮೇಲೆ ಇಬ್ಬನಿ ಕೂತರೆ ಹೊಳಪು ಸತ್ತು ಹಾಲು ಚೆಲ್ಲಿದಂತಾಗುತ್ತದೆ. ಅಡ್ಡಕ್ಕೆ ಹಚ್ಚಿ, ಆಮೇಲೆ ಬ್ರಷ್ಷಿನ ತುದಿ ಮಾತ್ರ ತಾಗಿಸಿ ಉದ್ದಕ್ಕೆ ಒಂದು ಸಲ ಎಳೆದು ಬಿಟ್ಟುಬಿಡಿ. ಹತ್ತು ನಿಮಿಷದ ನಂತರ ಒಂದು ಕೂದಲು ಕಂಡರೂ ಕೈ ಹಾಕಬೇಡಿ. ಒಣಗಿದ ಮೇಲೆ ಉಜ್ಜಿದರೆ ಹೋಗುತ್ತದೆ, ಈಗ ಮುಟ್ಟಿದರೆ ಗಾಯ ದೊಡ್ಡದಾಗುತ್ತದೆ. ಎರಡು ಕೋಟುಗಳ ನಡುವೆ 220 ಅಥವಾ 320ರಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ಒರೆಸಿ.

ಇಷ್ಟೆಲ್ಲಾ ಮಾಡಿದ ಮೇಲೂ ಅದು ಶಾಶ್ವತವಲ್ಲ. ಹೊಳಪು ಸ್ವಲ್ಪ ಇಳಿದಾಗಲೇ, ಸಾಮಾನ್ಯವಾಗಿ ವರ್ಷಕ್ಕೊಂದು ಸಲ, ಹಗುರವಾಗಿ ಉಜ್ಜಿ ಒಂದೆರಡು ಕೋಟ್ ಕೊಡಿ. ಗೀರು ಕಂಡ ದಿನವೇ ಅದಕ್ಕೆ ವಾರ್ನಿಷ್ ಮುಟ್ಟಿಸಿ. ವಾರ್ನಿಷ್ ಬಿಟ್ಟುಕೊಂಡು ಮರ ಬೂದು ಬಣ್ಣಕ್ಕೆ ತಿರುಗುವ ತನಕ ಬಿಟ್ಟರೆ, ಬರಿ ಮರದ ತನಕ ಕೆರೆದು ಮೊದಲಿನಿಂದ ಶುರು.

ಪರೀಕ್ಷೆಯ ಹಲಗೆ

ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ಮಾಡಬೇಕಾದದ್ದು ಮೊದಲು. ಅದೇ ಮರದ ಉಳಿಕೆ ತುಂಡನ್ನು ಅದೇ ಕಾಗದದಿಂದ ಉಜ್ಜಿ, ಅದೇ ಸ್ಟೇನ್, ಅದೇ ಎಪಾಕ್ಸಿ, ಅದೇ ವಾರ್ನಿಷ್, ಎಲ್ಲವನ್ನೂ ಅದೇ ಕ್ರಮದಲ್ಲಿ ಹಚ್ಚಿ. ಬರೀ ಸ್ಟೇನ್ ಹಚ್ಚಿ ನೋಡುವುದು ಪರೀಕ್ಷೆಯಲ್ಲ. ಒಂದೆರಡು ವಾರ ಬಿಟ್ಟು ಚೂಪಾದ ಚಾಕುವಿನಿಂದ ಮರದ ತನಕ ಅಡ್ಡ ಉದ್ದ ಗೀರಿ ಸಣ್ಣ ಚೌಕಗಳನ್ನು ಮಾಡಿ, ಗಟ್ಟಿ ಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಕಿತ್ತುಬಿಡಿ. ಟೇಪಿನಲ್ಲಿ ಚೌಕಗಳು ಎದ್ದು ಬಂದರೆ ಆ ಜೋಡಿ ಬೇಡ. ನನ್ನ ಮುಚ್ಚಳಕ್ಕೆ ಈ ಎರಡು ನಿಮಿಷದ ಕೆಲಸ ಮಾಡಿದ್ದರೆ ಮುಂಚೆಯೇ ಗೊತ್ತಾಗುತ್ತಿತ್ತು.

ಪಾಸಾದ ತುಂಡಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ಎಲ್ಲಾ ಬರೆದಿಡಿ: ಯಾವ ಮರ, ಯಾವ ನಂಬರ್ ಕಾಗದ, ಎಷ್ಟು ನೀರಿಗೆ ಎಷ್ಟು ಡೈ, ಎಷ್ಟು ಕೋಟ್, ಯಾವ ತಾರೀಕು. ತೂತು ಕೊರೆದು ಮೊಳೆಗೆ ನೇತುಹಾಕಿ, ಬಿಸಿಲು ಬೀಳದ ಜಾಗದಲ್ಲಿ. ನಾಲ್ಕು ವರ್ಷದ ನಂತರ ಅಂಚಿನ ಪಟ್ಟಿ ಮುರಿದು ಹೊಸ ತುಂಡಿಗೆ ಅದೇ ಬಣ್ಣ ಬೇಕಾದಾಗ ನೀವು ಹುಡುಕುವುದು ಅದನ್ನೇ.